ಜೀನ್ಸ್‌ಗೆ ಪ್ರಾಸ ಎಲ್ಲಿ ಸಿಗುತ್ತದೆ? ಬಾಯಿ, ಪುಸ್ತಕ, ವೆಬ್‌ಸೈಟ್, ಎಐ: ಒಂದು ಹೋಲಿಕೆ

2014ರ ನವೆಂಬರ್ 1ರಂದು ನಮ್ಮೂರಿನ ಇಂಗ್ಲಿಷ್ ಸ್ಪೆಲ್ಲಿಂಗ್ ಬದಲಾಯಿತು. ಅದಕ್ಕೂ ಮುಂಚೆ 'ಬಿ' ಆದಮೇಲೆ 'ಇ' ಇತ್ತು, ಕೊನೆಗೆ 'ವೈ' ಇತ್ತು. ಹೊರಗಿನವರು ಅದನ್ನು 'ಬೆಲ್ಲರಿ' ಎಂದು ಓದುತ್ತಿದ್ದರು. ಇಂಗ್ಲಿಷಿನಲ್ಲಿ ಅದಕ್ಕೆ ಪಕ್ಕಾ ಪ್ರಾಸ 'ಸೆಲರಿ', ಅಂದರೆ ಸೂಪಿಗೆ ಹಾಕುವ ಆ ಸೊಪ್ಪು. ಈಗ 'ಬಿ' ಆದಮೇಲೆ 'ಎ', ಕೊನೆಗೆ 'ಐ'. ಪ್ರಾಸ 'ಸಫಾರಿ', 'ಫೆರಾರಿ'. ಸೊಪ್ಪಿನಿಂದ ಕಾರಿಗೆ ಬಡ್ತಿ! ಆದರೆ ಊರೊಳಗೆ ಹುಟ್ಟಿ ಬೆಳೆದ ನಮ್ಮ ಬಾಯಲ್ಲಿ ಅದು ಅವತ್ತೂ ಬಳ್ಳಾರಿ, ಇವತ್ತೂ ಬಳ್ಳಾರಿ. ಬದಲಾಗಿದ್ದು ಬೋರ್ಡಿನ ಮೇಲಿನ ಅಕ್ಷರ ಅಷ್ಟೇ.

ಇಂಗ್ಲಿಷ್ ಪ್ರಾಸ ಹುಡುಕುವವರು ಎಡವುವುದು ಇಲ್ಲೇ. ಕಣ್ಣಿಗೆ ಕಂಡಿದ್ದು ಒಂದು, ಕಿವಿಗೆ ಕೇಳಿದ್ದು ಇನ್ನೊಂದು. ಅದೂ ಯಾರ ಕಿವಿ ಅನ್ನುವುದು ಬೇರೆ ಪ್ರಶ್ನೆ.

ನಾನು ಮನೆಯಲ್ಲೇ ಟ್ಯೂಷನ್ ಹೇಳುತ್ತೇನೆ. ಪ್ರಾಸ ಕೇಳಿಕೊಂಡು ನಮ್ಮ ಮನೆಗೆ ನಾಲ್ಕು ಥರದ ಜನ ಬರುತ್ತಾರೆ. ಒಂದನೇ ಕ್ಲಾಸಿನ ಮಕ್ಕಳ ಅಮ್ಮಂದಿರು: "ಅಕ್ಕಾ, ರೈಮಿಂಗ್ ವರ್ಡ್ಸ್ ಐದು ಬರ್ಕೊಂಡು ಬಾ ಅಂದಾರ, ನನಗ ಎರಡಕ್ಕ ಮುಗೀತು" ಅನ್ನುತ್ತಾರೆ. ಶಾಲೆಯ ಗ್ಯಾದರಿಂಗ್ (ವಾರ್ಷಿಕೋತ್ಸವ) ಹತ್ತಿರ ಬಂದಾಗ ಸ್ಟೇಜ್ ಮೇಲೆ ನಿರೂಪಣೆ ಮಾಡುವ ಹೈಸ್ಕೂಲ್ ಹುಡುಗಿಯರು. ಆಗೊಮ್ಮೆ ಈಗೊಮ್ಮೆ ಫ್ಲೆಕ್ಸ್‌ಗೆ ಒಂದು ಸಾಲು ಬೇಕು ಎನ್ನುವ ಅಂಗಡಿಯವರು. ಕೊನೆಗೆ ನನ್ನ ತಮ್ಮನ ಮಗ. ಅವನು ರ‍್ಯಾಪ್ ಬರೆಯುತ್ತಾನೆ, ಅಥವಾ ಹಾಗೆಂದು ಹೇಳಿಕೊಳ್ಳುತ್ತಾನೆ.

ಇವರೆಲ್ಲರಿಗೂ ಒಂದೇ ಸಾಧನ ಹೇಳಲು ಆಗುವುದಿಲ್ಲ. ಯಾರಿಗೆ ಯಾವುದು, ಯಾಕೆ ಅನ್ನುವುದನ್ನು ಇಲ್ಲಿ ಬರೆದಿದ್ದೇನೆ. ಪರೀಕ್ಷೆಗೆ ಎರಡು ಪದ ಇಟ್ಟುಕೊಂಡಿದ್ದೇನೆ. ಒಂದು 'ಜೀನ್ಸ್', ಅದು ನಮ್ಮ ಬಳ್ಳಾರಿಯ ಹೊಟ್ಟೆಪಾಡು. ಇನ್ನೊಂದು 'ರೈಸ್', ಅದು ತುಂಗಭದ್ರೆಯ ನೀರು ಹರಿಯುವ ಸಿರುಗುಪ್ಪ, ಗಂಗಾವತಿ, ಸಿಂಧನೂರಿನವರ ಹೊಟ್ಟೆಪಾಡು.

ಪ್ರಾಸದ ಲೆಕ್ಕ ಎಲ್ಲಿಂದ ಶುರು?

ಸಾಧನ ಆರಿಸುವ ಮುಂಚೆ ಇದೊಂದು ಗೊತ್ತಿರಲಿ. ಹಳೆಗನ್ನಡ ಓದಿದ ಅಜ್ಜಂದಿರಿಗೆ ಪ್ರಾಸ ಅಂದರೆ ಸಾಲಿನ ತಲೆಯಲ್ಲಿರುವುದು. ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕು. ಅದಕ್ಕೆ ಸಿಂಹ, ಗಜ, ವೃಷಭ, ಅಜ, ಶರಭ, ಹಯ ಎಂದು ಆರು ಪ್ರಾಣಿಗಳ ಹೆಸರಿಟ್ಟಿದ್ದಾರೆ. 9ನೇ ಶತಮಾನದ ಕವಿರಾಜಮಾರ್ಗವೂ ಪ್ರಾಸದ ಮಾತು ಎತ್ತುತ್ತದೆ. ಅದೇ ಗ್ರಂಥ ತಿರುಳ್ಗನ್ನಡ, ಅಂದರೆ ಅಪ್ಪಟ ಕನ್ನಡ, ಆಡುವ ಊರುಗಳ ಸಾಲಿನಲ್ಲಿ ಕೊಪಣವನ್ನು ಹೆಸರಿಸುತ್ತದೆ. ಕೊಪಣ ಅಂದರೆ ನಮ್ಮ ಪಕ್ಕದ ಕೊಪ್ಪಳ. ಹಾಗಾಗಿ ಪ್ರಾಸದ ವಿಷಯದಲ್ಲಿ ಈ ಕಡೆಯವರು ಸ್ವಲ್ಪ ಜಂಬ ಪಟ್ಟರೂ ತಪ್ಪಿಲ್ಲ.

ಇಂಗ್ಲಿಷ್ ಪ್ರಾಸ ಸಾಲಿನ ಬಾಲದಲ್ಲಿರುತ್ತದೆ. ಅದರ ಲೆಕ್ಕ ಹೀಗೆ: ಪದದಲ್ಲಿ ಕೊನೆಯದಾಗಿ ಒತ್ತು ಬಿದ್ದ, ಅಂದರೆ ಜೋರಾಗಿ ಹೇಳುವ, ಸ್ವರ ಯಾವುದು ನೋಡಿ. ಅಲ್ಲಿಂದ ಕೊನೆಯವರೆಗೆ ಎರಡೂ ಪದಗಳ ಸದ್ದು ಒಂದೇ ಇರಬೇಕು. ಆ ಸ್ವರದ ಹಿಂದಿನ ವ್ಯಂಜನ ಮಾತ್ರ ಬೇರೆ ಇರಬೇಕು. 'ನೇಷನ್–ಸ್ಟೇಷನ್' ಪ್ರಾಸ. 'ಮೋಷನ್–ಸ್ಟೇಷನ್' ಅಲ್ಲ, ಬಾಲದಲ್ಲಿ 'ಷನ್' ಇದ್ದರೂ ಅಲ್ಲ. 'ಸಿಂಗಿಂಗ್–ಡ್ಯಾನ್ಸಿಂಗ್' ಕೂಡ ಅಲ್ಲ. 'ಸಿಂಗಿಂಗ್–ಬ್ರಿಂಗಿಂಗ್' ಹೌದು. ನನ್ನ ಹತ್ತಿರ ಬರುವ ನಿರೂಪಣೆಯ ಹಾಳೆಗಳಲ್ಲಿ ತಪ್ಪು ಪ್ರಾಸ ಜಾಸ್ತಿ ಕಾಣುವುದು ಈ 'ಇಂಗ್' ಮತ್ತು 'ಷನ್' ಬಾಲಗಳಲ್ಲೇ. 'ಲೀವ್–ಬಿಲೀವ್' ಇನ್ನೊಂದು ಥರ. ಎರಡರಲ್ಲೂ ಒತ್ತು ಬೀಳುವುದು 'ಲೀವ್' ಮೇಲೆ, ಹಿಂದಿನ 'ಲ' ಕೂಡ ಒಂದೇ. ಕೇಳುವವರಿಗೆ ಅದೇ ಪದ ಎರಡು ಸಲ ಹೇಳಿದ ಹಾಗಿರುತ್ತದೆ.

ಒತ್ತು ನಮಗೆ ಕಷ್ಟ, ಯಾಕೆಂದರೆ ಕನ್ನಡದಲ್ಲಿ ಪದದ ಅರ್ಥ ಒತ್ತಿನ ಮೇಲೆ ನಿಂತಿಲ್ಲ. 'ಹೋಟೆಲ್' ಅನ್ನುವಾಗ ನಾವು 'ಹೋ' ಜೋರಾಗಿ ಹೇಳುತ್ತೇವೆ. ಇಂಗ್ಲಿಷಿನವರು 'ಟೆಲ್' ಒತ್ತುತ್ತಾರೆ. ಅದಕ್ಕೇ ಅವರಿಗೆ ಹೋಟೆಲ್ ಜೊತೆ ಬೆಲ್, ಸೆಲ್, ಸ್ಮೆಲ್ ಸಲೀಸಾಗಿ ಕೂಡುತ್ತವೆ.

ಬಾಯಿ: ಎಬಿಸಿ ಬಿಡಿ, ವರ್ಣಮಾಲೆ ಹಿಡಿಯಿರಿ

ಇಂಟರ್ನೆಟ್ ಬೇಡ, ದುಡ್ಡು ಬೇಡ, ಕರೆಂಟ್ ಹೋದರೂ ನಡೆಯುತ್ತದೆ. ಇಂಗ್ಲಿಷ್ ಪುಸ್ತಕಗಳು ಹೇಳಿಕೊಡುವ ದಾರಿ ಹೀಗಿದೆ: ಪದದ ಬಾಲ ಇಟ್ಟುಕೊಳ್ಳಿ, ಮುಂದೆ ಎ ಬಿ ಸಿ ಡಿ ಒಂದೊಂದಾಗಿ ಅಂಟಿಸುತ್ತಾ ಹೋಗಿ. ನಾನೂ ಬಹಳ ವರ್ಷ ಹಾಗೇ ಹೇಳಿಕೊಟ್ಟೆ. ಆದರೆ ಅದರಲ್ಲಿ ಸುಮ್ನೆ ಸುತ್ತಾಟ ಜಾಸ್ತಿ. 'ಸಿ' ಒಂದು ಕಡೆ ಕ, ಒಂದು ಕಡೆ ಸ. 'ಕೆ' ಬಂದಾಗ ಮತ್ತೆ ಕ. 'ಕ್ಯೂ' ಬಂದಾಗ ಮತ್ತೆ ಕ. 'ಪಿ ಎಚ್' ಸೇರಿದರೆ ಫ, 'ಎಫ್' ಕೂಡ ಫ. ಅಕ್ಷರದ ಹಿಂದೆ ಹೋದರೆ ಒಂದೇ ಸದ್ದಿನ ಬಾಗಿಲನ್ನು ಮೂರು ಸಲ ತಟ್ಟಬೇಕು.

ಒಂದು ದಿನ ಎರಡನೇ ಕ್ಲಾಸಿನ ಹುಡುಗಿಯೊಬ್ಬಳು ತನ್ನಷ್ಟಕ್ಕೇ ಕ, ಗ, ಚ, ಜ ಎಂದು ಹೇಳಿಕೊಳ್ಳುತ್ತಾ 'ಲೈಟ್'ಗೆ ಪ್ರಾಸ ಹುಡುಕುತ್ತಿದ್ದಳು. ಕಾಗುಣಿತ ಕಲಿಯುತ್ತಿದ್ದ ಮಗು, ಅದೇ ರೂಢಿಯಲ್ಲಿ ಇದನ್ನೂ ಮಾಡಿತ್ತು. ನಾನು ನೋಡುತ್ತಾ ಕೂತೆ. ಕೈಟ್, ಟೈಟ್, ನೈಟ್, ಫೈಟ್, ಬೈಟ್, ಮೈಟ್, ರೈಟ್, ವೈಟ್, ಸೈಟ್, ಹೈಟ್. ಒಂದೇ ಉಸಿರಿಗೆ ಹತ್ತು ಪದ. 'ಹೈಟ್' ಸ್ಪೆಲ್ಲಿಂಗ್ ಅವಳಿಗೆ ಬರುವುದಿಲ್ಲ. 'ವೈಟ್'ನಲ್ಲಿ 'ಎಚ್' ಇದೆ ಅನ್ನುವುದೂ ಗೊತ್ತಿಲ್ಲ. ಗೊತ್ತಿಲ್ಲದ್ದೇ ಅವಳಿಗೆ ಲಾಭವಾಯಿತು.

ನಮ್ಮ ವರ್ಣಮಾಲೆ ಸದ್ದಿನ ಪಟ್ಟಿ. ಗಂಟಲಿನಿಂದ ಶುರುವಾಗಿ ತುಟಿಯವರೆಗೆ ಸಾಲಾಗಿ ಬರುತ್ತದೆ. ಪ್ರಾಸ ಹುಡುಕಲು ಇಂಗ್ಲಿಷಿನ ಎಬಿಸಿಗಿಂತ ಇದೇ ಒಳ್ಳೆಯ ಸಾಧನ. ಮಹಾಪ್ರಾಣಗಳನ್ನು ಬಿಟ್ಟುಬಿಡಿ. 'ಫ', 'ಥ' ಮಾತ್ರ ಇಟ್ಟುಕೊಳ್ಳಿ, ಅವು ಇಂಗ್ಲಿಷಿಗೆ ಬೇಕು.

ಮೂರು ಸುತ್ತು ಹೊಡೆಯಿರಿ. 'ಜೀನ್ಸ್' ತಗೊಳ್ಳಿ. ಕೊನೆಯ 'ಸ್' ತೆಗೆದರೆ ಬಾಲ 'ಈನ್'. ಮೊದಲ ಸುತ್ತು ಬರೀ ವ್ಯಂಜನ: ಕೀನ್, ಟೀನ್, ಡೀನ್, ಬೀನ್, ಮೀನ್, ಲೀನ್, ಸೀನ್. ಎರಡನೇ ಸುತ್ತು ಒತ್ತಕ್ಷರ: ಕ್ಲೀನ್, ಕ್ವೀನ್, ಗ್ರೀನ್, ಸ್ಕ್ರೀನ್. ಮೂರನೇ ಸುತ್ತು ಉದ್ದನೆಯ ಪದ: ಮಷೀನ್, ಕ್ಯಾಂಟೀನ್, ರುಟೀನ್, ಫಿಫ್ಟೀನ್. ಈಗ 'ಸ್' ವಾಪಸ್ ಅಂಟಿಸಿ, ಎಲ್ಲಕ್ಕೂ ಅಂಟುತ್ತದೋ ಇಲ್ಲವೋ ನೋಡಿ. ಬೀನ್ಸ್, ಕ್ವೀನ್ಸ್, ಮಷೀನ್ಸ್ ಸರಿ. 'ಕೀನ್ಸ್' ದಿನಬಳಕೆಯ ಪದವಲ್ಲ.

ಪರೀಕ್ಷೆ ಮಾಡಲೂ ಕನ್ನಡ ಅಕ್ಷರ ಉಪಯೋಗಕ್ಕೆ ಬರುತ್ತದೆ. ಎರಡೂ ಪದಗಳನ್ನು ಕನ್ನಡದಲ್ಲಿ ಬರೆದು ಬಾಲ ಹೋಲಿಸಿ. ಇಂಗ್ಲಿಷಿನ 'ಓ ಯು ಜಿ ಎಚ್' ಬಾಲ ನೆನಪಿದೆ ಅಲ್ವಾ? ಅದೇ ನಾಲ್ಕು ಅಕ್ಷರ ಟಫ್, ಕಾಫ್, ಡೋ, ಥ್ರೂ, ಬೌ ಎಂದು ಐದು ಥರ ಓದಿಸಿಕೊಳ್ಳುತ್ತದೆ. ಕನ್ನಡದಲ್ಲಿ ಬರೆದ ತಕ್ಷಣ ಒಂದಕ್ಕೊಂದು ಸಂಬಂಧ ಇಲ್ಲ ಎಂದು ಎದ್ದು ಕಾಣುತ್ತದೆ. 'ಪೇಡ್' ಮತ್ತು 'ಸೆಡ್' ಕೂಡ ಹಾಗೇ. ಸ್ಪೆಲ್ಲಿಂಗ್ ಅಣ್ಣತಮ್ಮಂದಿರು, ಸದ್ದು ಬೀಗರೂ ಅಲ್ಲ.

ಆದರೆ ಕನ್ನಡ ಅಕ್ಷರವೂ ಎರಡು ಕಡೆ ಕೈ ಕೊಡುತ್ತದೆ. ಮೊದಲನೆಯದು ಒತ್ತು, ಅದು ಬರವಣಿಗೆಯಲ್ಲಿ ಕಾಣುವುದಿಲ್ಲ. ಎರಡನೆಯದು 'ಸ' ಮತ್ತು 'ಝ'. 'ರೈಸ್' ಅಂದರೆ ಅಕ್ಕಿ. ಏಳುವುದಕ್ಕೆ ಇಂಗ್ಲಿಷಿನವರು ಹೇಳುವುದು 'ರೈಝ್'. ನಾವು ಎರಡನ್ನೂ 'ರೈಸ್' ಅಂತಲೇ ಹೇಳುತ್ತೇವೆ, ಬರೆಯುತ್ತೇವೆ. ಹಾಗಾಗಿ ಅಕ್ಕಿಯ ಸಾಲಿಗೆ ನೈಸ್, ಐಸ್, ಪ್ರೈಸ್, ಸ್ಪೈಸ್, ಟ್ವೈಸ್ ಸೇರುತ್ತವೆ. 'ಬಹುಮಾನ' ಅನ್ನುವ ಪ್ರೈಝ್, 'ಜಾಣ' ಅನ್ನುವ ವೈಝ್ ಸೇರುವುದಿಲ್ಲ. 'ಅಡ್ವೈಸ್' ಎಂಬುದು ಇನ್ನೂ ತಮಾಷೆ. ಸಲಹೆ ಎಂಬ ನಾಮಪದವಾದರೆ ಅಕ್ಕಿ ಜೊತೆ, ಸಲಹೆ ಕೊಡು ಎಂಬ ಕ್ರಿಯಾಪದವಾದರೆ ಬಹುಮಾನದ ಜೊತೆ. ಮಕ್ಕಳಿಗೆ ಇದನ್ನು ಹೇಳುವಾಗ ಗಂಟಲ ಮೇಲೆ ಬೆರಳಿಡಲು ಹೇಳುತ್ತೇನೆ. 'ಝ್' ಅಂದಾಗ ಗಂಟಲು ಗುಂಯ್‌ಗುಡುತ್ತದೆ, 'ಸ್' ಅಂದಾಗ ಇಲ್ಲ.

ಬಾಯಿಯ ದೊಡ್ಡ ಮಿತಿ ಇದೇ: ಗೊತ್ತಿರುವ ಪದ ಮಾತ್ರ ಸಿಗುತ್ತದೆ. ಒಂದನೇ ಕ್ಲಾಸಿಗೆ ಅಷ್ಟೇ ಸಾಕು. ಅಮ್ಮಂದಿರಿಗೆ ನಾನು ಇದನ್ನು ಬಿಟ್ಟು ಬೇರೆ ಏನನ್ನೂ ಹೇಳುವುದಿಲ್ಲ. ಮಗುವಿನ ಹೋಂವರ್ಕ್‌ಗೆ ಫೋನ್ ತೆಗೆದರೆ ಪ್ರಾಸ ಸಿಗುವ ಮುಂಚೆ ಕಾರ್ಟೂನ್ ಸಿಗುತ್ತದೆ.

ಬಾಲದ ಅಕ್ಷರ ನೋಡಿ ಹುಡುಕುವ ತಾಣಗಳು

ಪದಬಂಧ ಬಿಡಿಸುವವರಿಗೆಂದು ಕೆಲವು ವೆಬ್‌ಸೈಟ್‌ಗಳಿವೆ. ಕೊನೆಯ ಅಕ್ಷರ ಕೊಟ್ಟರೆ ಅದರಲ್ಲಿ ಮುಗಿಯುವ ಪದಗಳನ್ನೆಲ್ಲ ಕೊಡುತ್ತವೆ. ಪ್ರಾಸಕ್ಕೆ ಇದನ್ನು ಬಳಸಬೇಡಿ. ಜೀನ್ಸ್‌ನ ಸ್ಪೆಲ್ಲಿಂಗ್ ಬಾಲ ಕೊಟ್ಟರೆ ಬೀನ್ಸ್ ಬರುತ್ತದೆ, ಕ್ವೀನ್ಸ್, ಸ್ಕ್ರೀನ್ಸ್, ಮಷೀನ್ಸ್ ಮೂರೂ ಬಿಟ್ಟುಹೋಗುತ್ತವೆ. 'ಓ ಓ ಡಿ' ಕೊಟ್ಟರೆ ಫುಡ್, ಗುಡ್, ಬ್ಲಡ್ ಮೂರನ್ನೂ ಒಂದೇ ಬುಟ್ಟಿಗೆ ಹಾಕಿ ಕೊಡುತ್ತದೆ. ಅದರಲ್ಲಿ ಒಂದಕ್ಕೊಂದು ಪ್ರಾಸವಾಗುವುದು ಯಾವುದೂ ಇಲ್ಲ. ಕ್ಯಾಟ್, ಬ್ಯಾಟ್, ಮ್ಯಾಟ್ ಕಲಿಸುವ ಎಲ್‌ಕೆಜಿ ಟೀಚರ್‌ಗೆ ಮಾತ್ರ ಇದು ಉಪಯೋಗ.

ಅಚ್ಚಿನ ಪ್ರಾಸಕೋಶ

1775ರಲ್ಲಿ ಜಾನ್ ವಾಕರ್ ಎಂಬಾತ ಇಂಗ್ಲಿಷ್ ಪದಗಳನ್ನು ತಲೆಕೆಳಗು ಮಾಡಿ ಜೋಡಿಸಿದ ಕೋಶ ತಂದ. ಅದರಲ್ಲಿ ಪದಗಳು ಕೊನೆಯ ಅಕ್ಷರದಿಂದ ಹಿಂದಕ್ಕೆ ಸಾಲಾಗಿ ಬರುತ್ತವೆ. ವಾಕರ್ ಮೊದಲು ನಾಟಕದ ನಟ, ಆಮೇಲೆ ಉಚ್ಚಾರ ಕಲಿಸುವ ಮೇಷ್ಟ್ರು. ನಾಟಕದ ನಟ ಬಳ್ಳಾರಿ ರಾಘವರ ಊರಿನವರಾದ ನಮಗೆ ಇದರಲ್ಲಿ ಆಶ್ಚರ್ಯವಿಲ್ಲ. ಸ್ಟೇಜ್ ಮೇಲೆ ನಿಂತವನಿಗೆ ಪದದ ಬಾಲ ಕೊನೆಯ ಬೆಂಚಿಗೆ ಕೇಳಿಸಿತೋ ಇಲ್ಲವೋ ಅನ್ನುವ ಚಿಂತೆ ಇದ್ದೇ ಇರುತ್ತದೆ. ಈಗಿನ ಪ್ರಾಸಕೋಶಗಳು ಸ್ಪೆಲ್ಲಿಂಗ್ ಬಿಟ್ಟು ಸದ್ದಿನ ಪ್ರಕಾರ ಗುಂಪು ಮಾಡುತ್ತವೆ. ಅಂಥದ್ದನ್ನೇ ನೋಡಿ ತಗೊಳ್ಳಿ.

ನನ್ನ ಹತ್ತಿರ ಒಂದಿದೆ. ಬೆಂಗಳೂರಿನ ಫುಟ್‌ಪಾತ್‌ನಲ್ಲಿ ಕೊಂಡಿದ್ದು, ಬೈಂಡಿಂಗ್ ಕಿತ್ತಿದೆ. ಪುಸ್ತಕದ ಸುಖ ಏನೆಂದರೆ, ಹುಡುಕುತ್ತಿದ್ದ ಪದದ ಪಕ್ಕದ ಗುಂಪಿಗೂ ಕಣ್ಣು ಹಾಯುತ್ತದೆ. 'ಈನ್' ಹುಡುಕಲು ಹೋಗಿ 'ಈಮ್' ಓದಿ, ಡ್ರೀಮ್, ಟೀಮ್, ಕ್ರೀಮ್ ಸಿಕ್ಕಿ ಸಾಲನ್ನೇ ಬದಲಾಯಿಸಿದ್ದುಂಟು. ಪದ್ಯ ಬರೆಯುವವರಿಗೆ ಒಳ್ಳೆಯದು. ಫ್ಲೆಕ್ಸ್ ಅರ್ಜೆಂಟ್ ಇರುವವರಿಗಲ್ಲ.

ಪ್ರಾಸದ ವೆಬ್‌ಸೈಟ್: ಅಮೆರಿಕದ ಬಾಯಿ

ಇವುಗಳಲ್ಲಿ ಹಳೆಯದು, ಹೆಸರಾದದ್ದು ರೈಮ್‌ಝೋನ್. 1996ರಿಂದ ಇದೆ. ಪದ ಟೈಪ್ ಮಾಡಿದರೆ ಪ್ರಾಸಗಳನ್ನು ಎಷ್ಟು ಸಿಲೆಬಲ್ (ಉಚ್ಚಾರದ ತುಂಡು) ಇದೆ ಎಂಬುದರ ಮೇಲೆ ಗುಂಪು ಮಾಡಿ ಕೊಡುತ್ತದೆ. ಪಕ್ಕಾ ಪ್ರಾಸ ಬೇರೆ, ಹತ್ತಿರದ ಪ್ರಾಸ ಬೇರೆ. ನಿರೂಪಣೆ ಬರೆಯುವವರಿಗೆ ಈ ಸಿಲೆಬಲ್ ಗುಂಪು ಬಹಳ ಅನುಕೂಲ. ಮೊದಲ ಸಾಲು ಚಿಕ್ಕ ಪದದಲ್ಲಿ ಮುಗಿದರೆ ಎರಡನೆಯದಕ್ಕೂ ಚಿಕ್ಕದೇ ಆರಿಸಬಹುದು.

ಇಂಥ ಸಾಧನಗಳ ಕೆಲಸ ಹೇಗೆ ನಡೆಯುತ್ತದೆ ಅನ್ನುವುದು ಗೊತ್ತಿದ್ದರೆ ಅವುಗಳ ತಪ್ಪನ್ನೂ ಮುಂಚೆಯೇ ಊಹಿಸಬಹುದು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ ಮಾಡಿದ ಒಂದು ಉಚ್ಚಾರ ಕೋಶವಿದೆ. 1,34,000ಕ್ಕೂ ಹೆಚ್ಚು ಪದಗಳಿವೆ. ಪ್ರತಿ ಪದವನ್ನೂ 39 ಸದ್ದುಗಳಲ್ಲಿ ಒಡೆದು ಬರೆದಿದ್ದಾರೆ. ಪ್ರತಿ ಸ್ವರದ ಪಕ್ಕ ಒತ್ತಿಗೆ 0, 1, 2 ಎಂಬ ಗುರುತು ಇದೆ. ಉಚಿತವಾಗಿ ಸಿಗುತ್ತದೆ, ಪ್ರಾಸ ಹುಡುಕುವ ಅನೇಕ ಪ್ರೋಗ್ರಾಂಗಳು ಇದನ್ನೇ ನೆಚ್ಚಿಕೊಂಡಿವೆ. ಒತ್ತಿನ ಸ್ವರದಿಂದ ಮುಂದಿನ ಸದ್ದು ಒಂದೇ ಇರುವ ಪದಗಳನ್ನು ಯಂತ್ರ ಹೆಕ್ಕಿ ಕೊಡುತ್ತದೆ. ಬಿಸಿಎ ಓದುವ ಹುಡುಗರು ಒಂದು ಸಂಜೆಯಲ್ಲಿ ಇಂಥದ್ದೊಂದು ಬರೆದುಕೊಂಡು ಇಂಟರ್ನೆಟ್ ಇಲ್ಲದೆಯೂ ಓಡಿಸಬಹುದು.

ತೊಂದರೆ ಒಂದೇ. ಆ 1,34,000 ಪದಗಳೂ ಅಮೆರಿಕದವರ ಬಾಯಿಯವು.

ಇದರಿಂದ ನಾನು ಒಮ್ಮೆ ಪೇಚಿಗೆ ಸಿಕ್ಕೆ. ಒಂದು ಶಾಲೆಯ ಗ್ಯಾದರಿಂಗ್. ಗಣಿತದ ಸರ್‌ಗೆ ಸ್ವಾಗತ ಕೋರುವ ಎರಡು ಸಾಲು ಬೇಕಿತ್ತು. ವೆಬ್‌ಸೈಟ್ ನೋಡಿದೆ. 'ದಾರಿ' ಅನ್ನುವ ಪದಕ್ಕೂ 'ಗಣಿತ' ಅನ್ನುವ ಪದಕ್ಕೂ ಪಕ್ಕಾ ಪ್ರಾಸ ಎಂದು ಕೊಟ್ಟಿತ್ತು. ಅಮೆರಿಕದಲ್ಲಿ ಅವು 'ಪ್ಯಾತ್' ಮತ್ತು 'ಮ್ಯಾತ್'. ಖುಷಿಯಿಂದ ಬರೆದುಕೊಟ್ಟೆ. ಹುಡುಗಿ ಸ್ಟೇಜ್ ಮೇಲೆ ಧೈರ್ಯವಾಗಿ ಓದಿದಳು: ಮೊದಲ ಸಾಲಿನ ಕೊನೆಗೆ 'ಪಾತ್', ಎರಡನೆಯದರ ಕೊನೆಗೆ 'ಮ್ಯಾತ್ಸ್'. ಸ್ವರವೂ ತಪ್ಪಿತು, ಬಾಲಕ್ಕೆ ಒಂದು 'ಸ್' ಕೂಡ ಬಂತು. ಅವಳ ತಪ್ಪೇನಿಲ್ಲ, ನಮ್ಮಲ್ಲಿ ಎಲ್ಲರೂ ಹೇಳುವುದೇ ಹಾಗೆ. ಚಪ್ಪಾಳೆ ತಟ್ಟಿದ್ದು ಗಣಿತದ ಸರ್ ಒಬ್ಬರೇ.

ಆಮೇಲೆ ಕೂತು ಯೋಚಿಸಿದೆ. ಅಮೆರಿಕದ ಪಟ್ಟಿ ನಮಗೆ ಎಲ್ಲಿ ಹೊಂದುತ್ತದೆ, ಎಲ್ಲಿ ಇಲ್ಲ?

ಹೊಂದದ ಜಾಗ ಈ 'ಆ–ಆ್ಯ' ವ್ಯತ್ಯಾಸ. ಕ್ಲಾಸ್, ಗ್ಲಾಸ್, ಪಾಸ್, ಲಾಸ್ಟ್, ಫಾಸ್ಟ್ ಪದಗಳನ್ನು ನಾವು ಬ್ರಿಟನ್ನಿನ ದಕ್ಷಿಣದವರ ಹಾಗೆ 'ಆ' ಹಚ್ಚಿ ಹೇಳುತ್ತೇವೆ. ಅಮೆರಿಕದವರು 'ಕ್ಲ್ಯಾಸ್', 'ಗ್ಲ್ಯಾಸ್' ಅನ್ನುತ್ತಾರೆ. ಹಾಗಾಗಿ ಅವರ ಪಟ್ಟಿಯಲ್ಲಿ ಗ್ಲಾಸಿಗೆ ಅಡುಗೆಯ ಗ್ಯಾಸು ಪ್ರಾಸ. ನಮ್ಮ ಅಡುಗೆಮನೆಯಲ್ಲಿ ಅವೆರಡೂ ಅಕ್ಕಪಕ್ಕ ಇದ್ದರೂ ಪ್ರಾಸವಾಗುವುದಿಲ್ಲ.

ಹೊಂದುವ ಜಾಗ 'ರ'. ಲಂಡನ್ನಿನವರು ಪದದ ಕೊನೆಯ, ವ್ಯಂಜನಕ್ಕೆ ಮುಂಚೆ ಬರುವ 'ರ' ನುಂಗುತ್ತಾರೆ. ಅವರ ಕಿವಿಗೆ 'ಹಾರ್ಸ್' ಮತ್ತು 'ಸಾಸ್' ಪ್ರಾಸ, 'ಕೋರ್ಟ್' ಮತ್ತು 'ಹಿಡಿದ' ಅನ್ನುವ 'ಕಾಟ್' ಒಂದೇ ಸದ್ದು. ಅಮೆರಿಕದವರಿಗೆ ಹಾಗಲ್ಲ, ನಮಗೂ ಹಾಗಲ್ಲ. ನಾವು ಕಾರ್ ಅಂದರೆ 'ರ' ಗಟ್ಟಿಯಾಗಿಯೇ ಹೇಳುತ್ತೇವೆ. ರಾಯಚೂರಿನವರಂತೂ ಊರ ಹೆಸರಲ್ಲೇ ಎರಡು 'ರ' ಇಟ್ಟುಕೊಂಡವರು. ಇನ್ನೊಂದು ಮಜಾ: ಅಮೆರಿಕದಲ್ಲಿ 'ಫಾದರ್–ಬಾದರ್' ಪ್ರಾಸ, ಲಂಡನ್ನಿನಲ್ಲಿ ಅಲ್ಲ. ನಾವು ಬಿಸಿಯನ್ನೂ 'ಹಾಟ್' ಎಂದೇ ಬರೆಯುವವರು, ಹಾಗಾಗಿ ಇಲ್ಲಿಯೂ ಅಮೆರಿಕದ ಕಡೆಗೇ ಬೀಳುತ್ತೇವೆ. ಬೇಕೆಂದು ಮಾಡಿದ್ದಲ್ಲ, ನಮ್ಮ 'ಆ' ಎರಡೂ ಸದ್ದನ್ನು ಹೊತ್ತುಕೊಂಡಿದೆ.

ಮಕ್ಕಳ ಎಬಿಸಿ ಹಾಡಿನಲ್ಲೂ ಇದೇ ಕಥೆ. ಕೊನೆಯ ಅಕ್ಷರವನ್ನು 'ಝೀ' ಅಂದರೆ ಮುಂದಿನ ಸಾಲುಗಳ ಜೊತೆ ಪ್ರಾಸ ಕೂಡುತ್ತದೆ, ಅದು ಅಮೆರಿಕದ ರೀತಿ. ನಮ್ಮ ಮಕ್ಕಳು 'ಝಡ್' ಎಂದು ಹಾಡುತ್ತಾರೆ. ಪ್ರಾಸ ಅಲ್ಲೇ ಮುರಿಯುತ್ತದೆ, ಯಾರೂ ತಲೆ ಕೆಡಿಸಿಕೊಂಡಿಲ್ಲ.

ಹಾಗಾಗಿ ವೆಬ್‌ಸೈಟಿನಿಂದ ತೆಗೆದ ಜೋಡಿಯಲ್ಲಿ 'ಆ' ಅಥವಾ 'ಆ್ಯ' ಸ್ವರ ಇದ್ದರೆ ಮಾತ್ರ ಅನುಮಾನದಿಂದ ನೋಡಿ. ಅನುಮಾನ ಬಂದರೆ ಕೇಂಬ್ರಿಡ್ಜ್ ಆನ್‌ಲೈನ್ ನಿಘಂಟು ತೆರೆಯಿರಿ. ಬ್ರಿಟನ್ನಿನ ಉಚ್ಚಾರ, ಅಮೆರಿಕದ ಉಚ್ಚಾರ ಎರಡನ್ನೂ ಕೇಳಿಸುತ್ತದೆ. ಆಮೇಲೆ ಓದಬೇಕಾದ ಹುಡುಗಿಯ ಕೈಯಲ್ಲೇ ಒಂದು ಸಲ ಓದಿಸಿ. ನಾನು ಈಗ ಹುಡುಗಿ ಓದಿದ್ದನ್ನು ಕೇಳದೆ ಯಾವ ಹಾಳೆಯನ್ನೂ ಫೈನಲ್ ಮಾಡುವುದಿಲ್ಲ.

ಎಐ: ಬೇಗ ಕೊಡುತ್ತದೆ, ಸುಳ್ಳನ್ನೂ ಬೇಗ ಕೊಡುತ್ತದೆ

ಅಂಗಡಿಯವರಿಗೆ ಪಟ್ಟಿ ಬೇಡ, ಸಾಲು ಬೇಕು. ಅಲ್ಲಿ ಎಐ ಚಾಟ್ ಗೆಲ್ಲುತ್ತದೆ. ಕನ್ನಡದಲ್ಲೇ ಕೇಳಬಹುದು: ಅಕ್ಕಿ ಅಂಗಡಿಗೆ ಎರಡು ಸಾಲು, ಸುಲಭ ಇಂಗ್ಲಿಷ್, 'ರೈಸ್' ಎಂದು ಮುಗಿಯಬೇಕು. ಕ್ಷಣದಲ್ಲಿ ಹತ್ತು ಬರುತ್ತವೆ. ಅರ್ಥ ಕೇಳಿದರೆ ಅರ್ಥ, ಇನ್ನೂ ಚಿಕ್ಕದು ಅಂದರೆ ಚಿಕ್ಕದು. ಇದು ಉಳಿದ ಯಾವ ಸಾಧನಕ್ಕೂ ಆಗುವುದಿಲ್ಲ.

ಆದರೆ ಇಂಥ ಎಐ ಕಲಿತಿರುವುದು ಹೆಚ್ಚಾಗಿ ಬರಹದಿಂದ. ಪದದ ತುಂಡುಗಳನ್ನು ಜೋಡಿಸುತ್ತದೆಯೇ ಹೊರತು ಬಾಯಿ ತೆರೆದು ಹೇಳಿ ನೋಡುವುದಿಲ್ಲ. ಅದಕ್ಕೇ ಕಣ್ಣಿಗೆ ಪ್ರಾಸ ಕಂಡು ಕಿವಿಗೆ ತಪ್ಪುವ 'ಲವ್–ಮೂವ್' ಥರದ್ದು ನುಸುಳಬಹುದು. ಒಂದು ಪರೀಕ್ಷೆ ಹೇಳುತ್ತೇನೆ. ತಿಂಗಳಿಗೆ ಇಂಗ್ಲಿಷಿನಲ್ಲಿ 'ಮಂತ್'. ಅದಕ್ಕೆ ದಿನಬಳಕೆಯ ಇಂಗ್ಲಿಷಿನಲ್ಲಿ ಪಕ್ಕಾ ಪ್ರಾಸ ಇಲ್ಲ. ಎಐ ಹತ್ತಿರ ಕೇಳಿ. 'ಇಲ್ಲ' ಅಂದರೆ ನಂಬಿಕೆಗೆ ಒಂದು ಅಂಕ. ನನಗೆ ಒಮ್ಮೆ 'ಟೆಂತ್' ಎಂದು ಕೊಟ್ಟಿತು. 'ಆರೆಂಜ್' ಕೂಡ ಅಂಥದ್ದೇ. ವೇಲ್ಸ್ ದೇಶದಲ್ಲಿ 'ಬ್ಲಾರೆಂಜ್' ಎಂಬ ಬೆಟ್ಟವಿದೆ, ಅದೊಂದು ಪ್ರಾಸ. ಹಣ್ಣಿನ ಅಂಗಡಿಯ ಬೋರ್ಡಿಗೆ ವೇಲ್ಸ್ ಬೆಟ್ಟ ತಂದು ಏನು ಮಾಡುವುದು? ಇಂಥ ಪದ ಸಾಲಿನ ಕೊನೆಗೆ ಬಂದರೆ ಹುಡುಕುತ್ತಾ ಕೂರಬೇಡಿ. ಪದವನ್ನು ಸಾಲಿನ ನಡುವಿಗೆ ತಳ್ಳಿ, ಬೇರೆ ಪದದಲ್ಲಿ ಮುಗಿಸಿ.

ಯಾವ ಸಾಧನವೂ ಕೊಡದ ಪ್ರಾಸ

ನನ್ನ ತಮ್ಮನ ಮಗನಿಗೆ ಪಕ್ಕಾ ಪ್ರಾಸ ಬೇಡ. ರ‍್ಯಾಪ್‌ನಲ್ಲಿ ಹತ್ತಿರದ ಪ್ರಾಸವೇ ಜಾಸ್ತಿ ಓಡುತ್ತದೆ. ಸ್ವರ ಕೂಡಿದರೆ ಸಾಕು, ವ್ಯಂಜನ ಸ್ವಲ್ಪ ಅತ್ತಿತ್ತ ಆದರೂ ತಾಳ ಎಳೆದುಕೊಂಡು ಹೋಗುತ್ತದೆ. ಬರೀ ಇಂಗ್ಲಿಷಿನಲ್ಲಿ ಬರೆಯುವಾಗ ಅವನು ವೆಬ್‌ಸೈಟಿನ ಹತ್ತಿರದ ಪ್ರಾಸದ ಭಾಗವನ್ನೇ ನೋಡುತ್ತಾನೆ. ಅದು ಸರಿಯಾದ ಆಯ್ಕೆಯೇ.

ಆದರೆ ಅವನು ಕನ್ನಡ ಇಂಗ್ಲಿಷ್ ಬೆರೆಸುತ್ತಾನೆ. ಬೆರೆಸಿದ ತಕ್ಷಣ ಇಂಗ್ಲಿಷ್ ಪದಕ್ಕೆ ನಮ್ಮ 'ಉ' ಅಂಟಿಕೊಳ್ಳುತ್ತದೆ. ಬಸ್ ಹೋಗಿ ಬಸ್ಸು, ಕಾರ್ ಹೋಗಿ ಕಾರು, ರೇಟ್ ಹೋಗಿ ರೇಟು. ಆಗ ಪ್ರಾಸದ ನೆಂಟರೇ ಬದಲಾಗುತ್ತಾರೆ. ಬಸ್ಸಿಗೆ ಮನಸ್ಸು, ಯಶಸ್ಸು. ಕಾರಿಗೆ ಯಾರು, ಸಾರು. ರೇಟಿಗೆ ಗೇಟು, ಪ್ಲೇಟು, ಏಟು. 'ರೇಟು–ಏಟು' ಜೋಡಿಯನ್ನು ಅಮೆರಿಕದ ಯಾವ ಕೋಶವೂ ಕೊಡಲಾರದು. ಈ ಕೆಲಸಕ್ಕೆ ಮತ್ತೆ ವರ್ಣಮಾಲೆಯೇ ಗತಿ.

ಹೋದ ತಿಂಗಳು ನಮ್ಮ ಬೀದಿಯ ಜೀನ್ಸ್ ಹೊಲಿಸುವವರೊಬ್ಬರು ಫ್ಲೆಕ್ಸ್‌ಗೆ ಸಾಲು ಕೇಳಿಕೊಂಡು ಬಂದರು. ನಾನು ಎಲ್ಲ ಸಾಧನವನ್ನೂ ಮುಂದಿಟ್ಟುಕೊಂಡೆ. ವೆಬ್‌ಸೈಟ್ ಟೀನ್ಸ್, ಕ್ವೀನ್ಸ್ ಕೊಟ್ಟಿತು. ಎಐ ಇಂಗ್ಲಿಷಿನಲ್ಲಿ ಆರು ಸಾಲು ಕೊಟ್ಟಿತು, ಚೆನ್ನಾಗಿಯೇ ಇದ್ದವು. ಅವರು ಓದಿ ನೋಡಿ, "ಅಕ್ಕಾರ, ನಮ್ಮ ಗಿರಾಕಿ ಇದನ್ನ ಓದಂಗಿಲ್ಲ ಬಿಡ್ರಿ" ಅಂದರು. ಮೂಲೆಯಲ್ಲಿ ಫೋನ್ ಒತ್ತುತ್ತಿದ್ದ ತಮ್ಮನ ಮಗ ತಲೆ ಎತ್ತದೆ ಹೇಳಿದ: "ಬಳ್ಳಾರಿ ಬಿಸಿಲಿಗೂ ಬಣ್ಣ ಹೋಗದ ಜೀನ್ಸು, ಈ ಸಲ ನಿಮಗೇ ಚಾನ್ಸು."

"ಅದು ಪ್ರಾಸ ಅಲ್ಲೋ" ಅಂದೆ. "ಒಂದರಲ್ಲಿ ಈ, ಇನ್ನೊಂದರಲ್ಲಿ ಆ."

"ಅತ್ತಿ, ನಿಮಗ ಆಗಂಗಿಲ್ಲ. ನನಗ ಆಗ್ತೈತಿ."

ರಾತ್ರಿ ಪಾತ್ರೆ ತೊಳೆಯುವಾಗ ಅದು ಮತ್ತೆ ತಲೆಗೆ ಬಂತು. ಇಂಗ್ಲಿಷ್ ಲೆಕ್ಕದಲ್ಲಿ ಅದು ತಪ್ಪೇ. ಕನ್ನಡದ ಹಳೆಯ ಲೆಕ್ಕ ಬೇರೆ. ಅಲ್ಲಿ ಎರಡನೇ ಅಕ್ಷರದ ವ್ಯಂಜನ ಕೂಡಬೇಕು, ಅದರ ಹಿಂದಿನ ಅಕ್ಷರ ಒಂದೋ ಎರಡರಲ್ಲೂ ಗುರು (ಎರಡು ಮಾತ್ರೆಯದು), ಇಲ್ಲವೇ ಎರಡರಲ್ಲೂ ಲಘು (ಒಂದು ಮಾತ್ರೆಯದು) ಆಗಿರಬೇಕು. ಅದು ಈ ಆಗಲಿ ಆ ಆಗಲಿ, ನಡೆಯುತ್ತದೆ. ಜೀ ಗುರು, ಚಾ ಗುರು. ಎರಡರಲ್ಲೂ ಎರಡನೇ ಅಕ್ಷರ 'ನ್ಸು', ಬೇರೆ ಬೇರೆ ವ್ಯಂಜನ ಸೇರಿದ ಒತ್ತಕ್ಷರ. ಪಕ್ಕಾ ಶರಭಪ್ರಾಸ, ತಲೆಯಿಂದ ಬಾಲಕ್ಕೆ ಬಂದು ಕೂತಿದೆ ಅಷ್ಟೇ. ಫ್ಲೆಕ್ಸ್ ಅಷ್ಟರಲ್ಲಿ ಪ್ರಿಂಟಿಗೆ ಹೋಗಿತ್ತು.